ಹೆಣಿಗೆಯ ಸೀದಾ, ಉಲ್ಟಾ, ಮತ್ತೆ ‘ಕಣ್ಣು’: ಪದಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ. ಉಣ್ಣೆ ನೂಲಿನಲ್ಲಿ ಕಡ್ಡಿ ಹಿಡಿದು ಹೆಣೆಯುವ ಒಂದು ಹೊದಿಕೆಯ ವಿನ್ಯಾಸವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದಿದವರು ಬೇರೆ ಯಾರನ್ನೂ ಕೇಳದೆ ಹೆಣೆಯುವಂತಿರಬೇಕು ಅನ್ನೋದು ಆಸೆ. ಚಿತ್ತಾರಗಳೆಲ್ಲ ಇಂಗ್ಲೆಂಡ್, ಸ್ಕಾಟ್ಲೆಂಡ್ ಕರಾವಳಿಯ ಮೀನುಗಾರರ ಸ್ವೆಟರಿನವು. ಶೆರಿಂಗ್‌ಹ್ಯಾಮ್, ಫೈಲಿ, ವಿಟ್ಬಿ, ಎರಿಸ್ಕೆ, ಹೀಗೆ ಊರೂರಿನಲ್ಲೂ ಇದನ್ನು ಹೆಣೆಯುತ್ತಿದ್ದರು. ಹೆಸರು ಗ್ಯಾನ್ಸಿ. ಗರ್ನ್ಸಿ ದ್ವೀಪದ ಹೆಸರಿನಿಂದ ಬಂದದ್ದು ಅಂತಾರೆ. ಐರಿಷ್ ಭಾಷೆಯಲ್ಲಂತೂ ಯಾವ ಸ್ವೆಟರಾದರೂ ಗ್ಯಾನ್ಸೀನೇ. ನಾವು ಸ್ವೆಟರನ್ನು ನಮ್ಮದು ಮಾಡಿಕೊಂಡ ಹಾಗೆ ಅವರು ಅದನ್ನು ಮಾಡಿಕೊಂಡರು. ಹಾಗಾಗಿ ಈ ಹೆಸರನ್ನು ಹಾಗೇ ಇಟ್ಟುಕೊಳ್ಳುತ್ತೇನೆ, ಅದರ ಬಗ್ಗೆ ಚರ್ಚೆ ಬೇಡ.

ತೊಡಕಿರುವುದು ಬೇರೆ ಕಡೆ. ಗ್ಯಾನ್ಸಿಗೆ ಸಾಮಾನ್ಯವಾಗಿ ಒಂದೇ ಬಣ್ಣ, ಹೆಚ್ಚಾಗಿ ಕಡುನೀಲಿ. ಐದು ಎಳೆಯ ಬಿಗಿ ನೂಲು, ಐದು ಸಣ್ಣ ಉಕ್ಕಿನ ಕಡ್ಡಿ. ಕೊಳವೆಯ ಹಾಗೆ ಸುತ್ತಲೂ ಹೆಣೆಯುವುದರಿಂದ ಬದಿಯಲ್ಲಿ ಹೊಲಿಗೆಯೇ ಇಲ್ಲ. ತೋಳನ್ನು ಹೆಗಲಿನಿಂದ ಕೆಳಕ್ಕೆ ಹೆಣೆಯುತ್ತಾರೆ, ಮುಂಗೈ ಹತ್ತಿರ ಸವೆದರೆ ಅಷ್ಟನ್ನೇ ಬಿಚ್ಚಿ ಮತ್ತೆ ಹೆಣೆಯಬಹುದು. ಚಿತ್ತಾರ ಮೂಡುವುದು ಬಹುಮಟ್ಟಿಗೆ ಎರಡೇ ಬಗೆಯ ಕೈಚಳಕದಿಂದ, ನಮ್ಮಲ್ಲಿ ಸೀದಾ ಮತ್ತು ಉಲ್ಟಾ ಅನ್ನುತ್ತೇವಲ್ಲ, ಅವು. ಸೀದಾ ಅಂದರೆ ನೂಲು ಹಿಂದೆ ಇರುತ್ತದೆ, ಕಡ್ಡಿಯನ್ನು ಮುಂದಿನಿಂದ ಹಿಂದಕ್ಕೆ ತೂರಿಸಿ ಹೊಸ ಕುಣಿಕೆಯನ್ನು ಈಚೆಗೆ ಎಳೆದುಕೊಳ್ಳುತ್ತೇವೆ. ಈಚೆ ನಯವಾದ ‘ವಿ’ ಆಕಾರ ಕಾಣುತ್ತದೆ, ಆಚೆ ಒಂದು ಉಬ್ಬು. ಉಲ್ಟಾದಲ್ಲಿ ನೂಲು ಮುಂದೆ, ಉಬ್ಬು ನಮ್ಮ ಕಡೆಗೆ.

ಸ್ವೆಟರನ್ನು ಸುತ್ತಲೂ ಹೆಣೆಯುವಾಗ ಬಟ್ಟೆಯ ಮುಂಬದಿಯೇ ಯಾವಾಗಲೂ ಎದುರಿಗಿರುತ್ತದೆ. ಹೊದಿಕೆ ಹಾಗಲ್ಲ. ಒಂದು ಸಾಲು ಮುಗಿಸಿ ತಿರುಗಿಸಿದರೆ ಮುಂದಿನ ಸಾಲಿಗೆ ಹಿಂಬದಿ ಎದುರಿಗೆ ಬರುತ್ತದೆ, ಚಿತ್ತಾರದ ನಕ್ಷೆಯನ್ನು ಬಲದಿಂದ ಎಡಕ್ಕೆ ಓದುತ್ತಿದ್ದವರು ಈಗ ಎಡದಿಂದ ಬಲಕ್ಕೆ ಓದಬೇಕು, ಮುಂಬದಿಯಲ್ಲಿ ಉಬ್ಬು ಬರಬೇಕಾದ ಜಾಗದಲ್ಲಿ ಸೀದಾ ಹಾಕಬೇಕು. ಇದನ್ನು ಇರುವ ಪದಗಳಲ್ಲೇ ಬರೆದರೆ ‘ಉಲ್ಟಾ ಬದಿಯ ಸಾಲಿನಲ್ಲಿ ಉಲ್ಟಾ ಕಾಣಬೇಕಾದಲ್ಲಿ ಸೀದಾ ಹಾಕಿ’ ಅಂತಾಗುತ್ತದೆ. ಯಾರಿಗೆ ಅರ್ಥ ಆಗುತ್ತೆ ಹೇಳಿ? ಉಲ್ಟಾ ಅನ್ನೋ ಒಂದೇ ಪದಕ್ಕೆ ಮೂರು ಕೆಲಸ: ಕೈಯ ಚಲನೆ, ಕಾಣುವ ರೂಪ, ಬಟ್ಟೆಯ ಬದಿ.

ನನಗೆ ತೋಚಿದ್ದು ಇದು. ಸೀದಾ, ಉಲ್ಟಾ ಎರಡೂ ಹೆಣೆಯುವವರ ಬಾಯಲ್ಲಿ ಇವೆ, ಅವನ್ನು ಕೈಯ ಚಲನೆಗೆ ಮಾತ್ರ ಬಿಡೋಣ. ಕಾಣುವ ರೂಪಕ್ಕೆ ನಯ, ಉಬ್ಬು. ಬದಿಗಳಿಗೆ ಮೊಗ, ಬೆನ್ನು. ಆಗ ವಾಕ್ಯ ಹೀಗಾಗುತ್ತದೆ: ‘ಬೆನ್ನಿನ ಸಾಲಿನಲ್ಲಿ, ಮೊಗದಲ್ಲಿ ಉಬ್ಬು ಬೇಕಾದ ಕಡೆ ಸೀದಾ ಹೆಣೆಯಿರಿ.’ ಇದು ತಿಳಿಯುತ್ತದೆ ಅಲ್ವಾ? ದರ್ಜಿಗಳಾಗಲಿ ನೇಕಾರರಾಗಲಿ ಬಟ್ಟೆಯ ಬದಿಗಳಿಗೆ ಬೇರೆ ಪದ ಬಳಸುತ್ತಿದ್ದರೆ ದಯವಿಟ್ಟು ಹೇಳಿ. ಬಳಕೆಯಲ್ಲಿರುವ ಪದ ಸಿಕ್ಕರೆ ನನ್ನದನ್ನು ಬಿಟ್ಟುಬಿಡುತ್ತೇನೆ.

ಇನ್ನೊಂದು, ಕಡ್ಡಿಯ ಮೇಲೆ ಎಣಿಸುವ ಒಂದೊಂದು ಘಟಕಕ್ಕೆ ಏನನ್ನಬೇಕು? ‘ಹೊಲಿಗೆ’ ಸುತಾರಾಂ ಬೇಡ, ಇಲ್ಲಿ ಏನನ್ನೂ ಹೊಲಿಯುತ್ತಿಲ್ಲ. ಕುಣಿಕೆ ಸರಿಯಾದ ಪದವೇ, ಆದರೆ ಸಾಲು ಸಾಲಿಗೂ ‘ಮೂರು ಕುಣಿಕೆ ಸೀದಾ, ಎರಡು ಕುಣಿಕೆ ಉಲ್ಟಾ’ ಅಂತ ಬರೆದರೆ ಭಾರವಾಗುತ್ತದೆ. ಬಲೆಗೆ ‘ಕಣ್ಣು’ ಅನ್ನುತ್ತೇವೆ, ಬಲೆಯನ್ನೂ ಹೆಣೆಯುತ್ತೇವೆ, ಮೀನುಗಾರರ ಸ್ವೆಟರಿಗೆ ಅದು ಚೆನ್ನಾಗಿ ಹೊಂದುತ್ತದೆ. ಅನುಮಾನ ಒಂದೇ: ಬಲೆಯಲ್ಲಿ ಕಣ್ಣು ಅಂದರೆ ನಡುವಿನ ತೂತು, ಇಲ್ಲಿ ಎಣಿಸುವುದು ನೂಲಿನ ಸುತ್ತನ್ನು. ಮಲ್ಪೆ, ಗಂಗೊಳ್ಳಿ, ಕಾರವಾರದ ಕಡೆ ಬಲೆ ಹೆಣೆಯುವವರು ಆ ನೂಲಿನ ಸುತ್ತಿಗೇ ಒಂದು ಹೆಸರು ಇಟ್ಟುಕೊಂಡಿದ್ದಾರಾ?

ಚಿತ್ತಾರದ ಹೆಸರುಗಳು ಸ್ವಲ್ಪ ಸುಲಭ. ಹಗ್ಗದ ಚಿತ್ತಾರಕ್ಕೆ ‘ಹುರಿ’ ಅಂತಿದ್ದೇನೆ. ಜಡೆ ಅಲ್ಲ, ಜಡೆಗೆ ಮೂರು ಕಾಲು ಬೇಕು, ಇದರಲ್ಲಿ ಎರಡೇ ಒಂದರ ಮೇಲೊಂದು ಹಾಯುತ್ತವೆ. (ಹುರಿ ಇದ್ದಲ್ಲಿ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಅಗಲ ಲೆಕ್ಕ ಹಾಕುವಾಗ ಅಲ್ಲಿ ಕಣ್ಣು ಜಾಸ್ತಿ ಬೇಕು.) ಬರೀ ನಯವಾಗಿ ಹೆಣೆದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಅದಕ್ಕೆ ಸುತ್ತ ಒಂದು ಸೀದಾ ಒಂದು ಉಲ್ಟಾ ಹಾಕಿ, ಮುಂದಿನ ಸಾಲಿನಲ್ಲಿ ಅದಲುಬದಲು ಮಾಡಿದ ಅಂಚು ಇಟ್ಟಿದ್ದೇನೆ. ಫ್ರೆಂಚರು ಅದನ್ನು ಅಕ್ಕಿಯ ಹೆಸರಿನಿಂದಲೇ ಕರೆಯುತ್ತಾರೆ, ನಮಗೂ ‘ಅಕ್ಕಿಕಾಳು’ ಆಗಬಹುದು.

ಅಂಕುಡೊಂಕು ಗೆರೆಯ ಚಿತ್ತಾರದ ಹತ್ತಿರ ಮಾತ್ರ ನಿಂತಿದ್ದೇನೆ. ಗ್ಯಾನ್ಸಿಯ ಊರುಗಳಲ್ಲಿ ಅದಕ್ಕೆ ‘ಮದುವೆಯ ಗೆರೆಗಳು’ ಅಂತ ಹೆಸರು, ಸಂಸಾರದ ಏರಿಳಿತ ಅಂತ ವಿವರಣೆ ಕೊಡುತ್ತಾರೆ. ಹಾಗೇ ಬರೆದರೆ ನಮ್ಮವರು ಅಂಗೈ ನೋಡಿಕೊಳ್ಳುತ್ತಾರೆ. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂಥಿ ಅಂತ ಹೊಲಿಗೆಗಳಿವೆ, ಅದರಲ್ಲಿ ಮುರ್ಗಿ ಅಂಕುಡೊಂಕಾಗಿ, ಮೆಟ್ಟಿಲಿನ ಹಾಗೆ ಸಾಗುವುದು. ಆ ಹೆಸರನ್ನು ಇಲ್ಲಿಗೆ ತರಲು ಮನಸ್ಸಿದೆ. ಆದರೆ ಕಸೂತಿಯಲ್ಲಿ ಅದು ಸೂಜಿಯ ಕೆಲಸದ ಹೆಸರು, ಬರೀ ಆಕಾರದ್ದಲ್ಲ. ಕಸೂತಿ ಹಾಕುವವರು, ಅದನ್ನು ಕಂಡು ಬೆಳೆದವರು ಇಲ್ಲಿದ್ದರೆ ಹೇಳಿ: ಹೆಣಿಗೆಯಲ್ಲಿ ‘ಮುರ್ಗಿ’ ಅಂದರೆ ನಿಮಗೆ ಸರಿ ಕೇಳಿಸುತ್ತದಾ, ಇಲ್ಲ ಸುಮ್ನೆ ಗೊಂದಲವಾಗುತ್ತದಾ?