ಕಟಿಂಗ್‌ನಲ್ಲಿ (ಕೊಬ್ಬು ಇಳಿಸೋಕೆ ಕಮ್ಮಿ ತಿನ್ನೋದು) ಬಲ ಕೂಡ ಇಳೀತಿದೆ, ಎಷ್ಟು ಕ್ಯಾಲೊರಿ ತಿನ್ನಬೇಕು?

ಪ್ರಶ್ನೆ (ಕಲಬುರಗಿ):
ತೂಕ 82 ಕೆಜಿ ಇತ್ತು. ಚಳಿಗಾಲದಲ್ಲಿ ಬಲ್ಕಿಂಗ್ (ಮೈಕಟ್ಟು ಬೆಳೆಸೋಕೆ ಜಾಸ್ತಿ ತಿನ್ನೋದು) ಅಂತ ಸಿಕ್ಕಿದ್ದೆಲ್ಲ ತಿಂದೆ, ಹೊಟ್ಟೆ ಬಂತು. ಈಗ ಮೂರು ವಾರದಿಂದ ದಿನಕ್ಕೆ 1500 ಕ್ಯಾಲೊರಿ. 4 ಕೆಜಿ ಇಳಿದಿದೆ, ಆದರೆ ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ಭಾರ ಎತ್ತೋದು) 80 ಕೆಜಿಯಿಂದ 70ಕ್ಕೆ ಬಂದಿದೆ, ನಿದ್ದೆನೂ ಸರಿ ಬರಲ್ಲ. ಮನೆಯಲ್ಲಿ ರೊಟ್ಟಿ, ಪಲ್ಯ, ಬೇಳೆ, ಶೇಂಗಾ ಹಿಂಡಿ (ಚಟ್ನಿಪುಡಿ). ನನಗೊಬ್ಬನಿಗೇ ಬೇರೆ ಅಡುಗೆ ಮಾಡು ಅಂತ ಅವ್ವನಿಗೆ ಹೇಳೋಕೆ ಮನಸ್ಸಾಗಲ್ಲ.

ಉತ್ತರ 1:
1500 ತುಂಬಾ ಕಮ್ಮಿ ಆಯ್ತು ತಮ್ಮಾ. ವಾರಕ್ಕೆ ನಾಲ್ಕೈದು ದಿನ ತೂಕ ಎತ್ತುವ ನಿನ್ನಂಥವರಿಗೆ ಈಗಿನ ತೂಕ ಹಾಗೇ ನಿಲ್ಲೋಕೇ ಸುಮಾರು 2500 ಬೇಕು. ಅದರಲ್ಲಿ 400 ಕಳೆ, ಸಾಕು. ವಾರಕ್ಕೆ ಅರ್ಧ ಕೆಜಿಗಿಂತ ಜಾಸ್ತಿ ಇಳಿಸೋಕೆ ಹೋಗಬೇಡ. ಪ್ರೋಟೀನ್ ದಿನಕ್ಕೆ 130 ಗ್ರಾಂ ಆದರೂ ಇರಲಿ, ಬೇಳೆ ಒಂದರಿಂದಲೇ ಅಷ್ಟು ಆಗಲ್ಲ, ಮೊಟ್ಟೆ, ಕೋಳಿ, ಮೊಸರು ಸೇರಿಸು.

ಉತ್ತರ 2 (ಬೀದರ್):
ರೊಟ್ಟಿ ಬಿಡಬೇಡಿ. ನನಗೆ ಪೆಟ್ಟು ಕೊಟ್ಟಿದ್ದು ಹಿಂಡಿ ಮತ್ತು ಎಣ್ಣೆ. 100 ಗ್ರಾಂ ಶೇಂಗಾದಲ್ಲೇ 560 ಕ್ಯಾಲೊರಿ ದಾಟುತ್ತೆ. ಊಟದ ಜೊತೆ ಮೂರು ಚಮಚ ಹಿಂಡಿ, ಅದರ ಮೇಲೆ ಎಣ್ಣೆ ಸುರಿದು ಕಲಸಿಕೊಳ್ತಿದ್ದೆ, ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ! ಈಗ ಒಂದೇ ಚಮಚ ಹಿಂಡಿ, ಮೊಸರಲ್ಲಿ ಕಲಸಿಕೊಳ್ತೀನಿ. ಮನೆಯವರ ಅಡುಗೆ ಅದೇ, ನನ್ನ ತಟ್ಟೆ ಮಾತ್ರ ಬದಲಾಗಿದೆ.

ಉತ್ತರ 3 (ಯಾದಗಿರಿ):
ನಮ್ಮ ಕಡೆ ಬಿಸಿಲಲ್ಲಿ ಬೆವರಿಗೇ ಒಂದು ಕೆಜಿ ಆಚೀಚೆ ಆಗುತ್ತೆ, ಒಂದು ದಿನದ ತೂಕ ನೋಡಿ ಗಾಬರಿಯಾಗಬೇಡಿ. ಬೆಳಿಗ್ಗೆ ಎದ್ದ ಮೇಲೆ, ಏನೂ ತಿನ್ನೋಕೆ ಮುಂಚೆ ನೋಡಿ, ಏಳು ದಿನದ ಸರಾಸರಿ ತೆಗೀರಿ. ಮುಂದೆ ಬಲ್ಕಿಂಗ್ ಮಾಡುವಾಗಲೂ 200-300 ಕ್ಯಾಲೊರಿ ಮಾತ್ರ ಏರಿಸಿ.

ಪ್ರಶ್ನೆ ಕೇಳಿದವರು:
ಹಿಂಡಿ ನಾನೂ ಲೆಕ್ಕ ಹಾಕಿರಲಿಲ್ಲ ಅಣ್ಣ. ನಾಳೆಯಿಂದ 2100, ಎರಡು ವಾರ ಬಿಟ್ಟು ಬೆಂಚ್ ಎಷ್ಟಾಯ್ತು ಅಂತ ಇಲ್ಲೇ ಬರೀತೀನಿ.