ಸರ್ಕಾರ ನಿಜಕ್ಕೂ ಯಾರ ಮಾತಿಗೆ ಬಗ್ಗುತ್ತದೆ? ಪಕ್ಷ, ಒತ್ತಡ ಗುಂಪು, ಇಲ್ಲಾ ಜನಾಭಿಪ್ರಾಯ?

ಕಡೇಬೆಂಚು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಪಕ್ಷಗಳು, ಒತ್ತಡ ಗುಂಪುಗಳು (ಚುನಾವಣೆಗೆ ನಿಲ್ಲದೆ ಸರ್ಕಾರದ ಮೇಲೆ ಒತ್ತಡ ಹಾಕುವ ಸಂಘಟನೆಗಳು), ಸಾರ್ವಜನಿಕ ಅಭಿಪ್ರಾಯ ಮೂರೂ ಸರ್ಕಾರದ ಮೇಲೆ ಪ್ರಭಾವ ಬೀರುತ್ತವೆ ಅಂತ ಪಠ್ಯಪುಸ್ತಕದಲ್ಲಿ ಒಂದು ಸಾಲು ಬರೆದು ಮುಗಿಸುತ್ತಾರೆ. ಯಾವುದು ಯಾವಾಗ ಗೆಲ್ಲುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ.

2003ರ ಫೆಬ್ರವರಿ 15ರಂದು ಇರಾಕ್ ಯುದ್ಧ ಬೇಡ ಅಂತ ಲಂಡನ್ನಿನಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದರು. ಮುಂದಿನ ತಿಂಗಳೇ ಯುದ್ಧ ಶುರುವಾಯಿತು. ಅದೇ ಬ್ರಿಟನ್ನಿನಲ್ಲಿ 1990ರಲ್ಲಿ ಪೋಲ್ ಟ್ಯಾಕ್ಸ್ ವಿರುದ್ಧ ಜನ ಎದ್ದರು. ಆ ವರ್ಷವೇ ಪ್ರಧಾನಿ ಥ್ಯಾಚರ್ ಅಧಿಕಾರ ಬಿಡಬೇಕಾಯಿತು, ಆಮೇಲೆ ತೆರಿಗೆಯೂ ಹೋಯಿತು. ಎರಡು ಸಲವೂ ಸಿಟ್ಟಿತ್ತು, ಎರಡು ಸಲವೂ ಜನ ಸೇರಿದ್ದರು. ಒಂದು ಸಲ ಕೇಳಿಸಿಕೊಂಡ ಸರ್ಕಾರ ಇನ್ನೊಂದು ಸಲ ಯಾಕೆ ಕೇಳಲಿಲ್ಲ?

ನೇರನುಡಿ:

ಒಳ್ಳೇ ಜೋಡಿ ಆರಿಸಿದ್ದೀರಿ, ಉತ್ತರ ಅದರಲ್ಲೇ ಇದೆ.

ಪೋಲ್ ಟ್ಯಾಕ್ಸ್ ಅಂದರೆ ತಲೆಗಿಷ್ಟು ಅಂತ ತೆರಿಗೆ. ಒಂದು ಊರಿನಲ್ಲಿ ಶ್ರೀಮಂತನಿಗೂ ಕೂಲಿಯವನಿಗೂ ಹೆಚ್ಚೂಕಮ್ಮಿ ಒಂದೇ ಮೊತ್ತ. ನೋಟಿಸ್ ನೇರವಾಗಿ ಮನೆಬಾಗಿಲಿಗೆ ಬಂತು. ಲಕ್ಷಾಂತರ ಜನ ಕಟ್ಟುವುದಿಲ್ಲ ಅಂತ ಕೂತರು. ಆ ವರ್ಷ ಆಡಳಿತ ಪಕ್ಷ ತನ್ನ ಭದ್ರ ಕ್ಷೇತ್ರಗಳನ್ನೇ ಉಪಚುನಾವಣೆಯಲ್ಲಿ ಕಳೆದುಕೊಂಡಿತು. ಆಗ ಹೆದರಿದ್ದು ಅವರದೇ ಸಂಸದರು. ಥ್ಯಾಚರ್ ಹೋಗುವುದಕ್ಕೆ ಯುರೋಪ್ ಕುರಿತ ಒಳಜಗಳವೂ ಕಾರಣ, ಅದನ್ನು ಬಿಟ್ಟು ಮಾತಾಡುವ ಹಾಗಿಲ್ಲ. ಆದರೆ "ಇವರನ್ನು ಇಟ್ಟುಕೊಂಡರೆ ನನ್ನ ಸೀಟು ಹೋಗುತ್ತದೆ" ಅನ್ನುವ ಭಯ ಹುಟ್ಟಿಸಿದ್ದರಲ್ಲಿ ಈ ತೆರಿಗೆಯ ಪಾಲು ದೊಡ್ಡದು.

ಇರಾಕ್ ವಿಷಯದಲ್ಲಿ ಆ ಭಯ ಹುಟ್ಟಲೇ ಇಲ್ಲ. 2003ರ ಮಾರ್ಚ್ 18ರಂದು ಸಂಸತ್ತಿನಲ್ಲಿ ಮತಕ್ಕೆ ಬಂದಾಗ ಲೇಬರ್ ಪಕ್ಷದ 139 ಸಂಸದರು ತಮ್ಮದೇ ಸರ್ಕಾರದ ವಿರುದ್ಧ ನಿಂತರು. ಆದರೂ ಆ ಪಕ್ಷದ ಪ್ರಧಾನಿ ಬ್ಲೇರ್ ಗೆದ್ದರು, ಯಾಕೆಂದರೆ ಮುಖ್ಯ ವಿರೋಧ ಪಕ್ಷವೂ ಯುದ್ಧದ ಪರವಾಗಿಯೇ ಇತ್ತು. ಬೀದಿಯಲ್ಲಿದ್ದ ಜನರ ಮಾತನ್ನು ಸದನದ ಒಳಗೆ ಹೊತ್ತುಕೊಂಡು ಹೋಗುವ ದೊಡ್ಡ ಪಕ್ಷ ಇರಲಿಲ್ಲ. ಜನಾಭಿಪ್ರಾಯ ಎಷ್ಟೇ ಜೋರಾಗಿರಲಿ, ಅದನ್ನು ಸೀಟಿನ ಲೆಕ್ಕಕ್ಕೆ ಇಳಿಸುವವರು ಇಲ್ಲದಿದ್ದರೆ ಸರ್ಕಾರ ತಡೆದುಕೊಳ್ಳುತ್ತದೆ.

ಹಳೇಪತ್ರಿಕೆ:

ನೇರನುಡಿ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಸಂಖ್ಯೆ ಬೇರೆ, ಹಟ ಬೇರೆ.

2012ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿನ ದಾಳಿಗೆ 20 ಮಕ್ಕಳು ಸತ್ತರು. ಬಂದೂಕು ಕೊಳ್ಳುವ ಎಲ್ಲರ ಹಿನ್ನೆಲೆ ತಪಾಸಣೆ ಆಗಬೇಕು ಅಂತ ಸಮೀಕ್ಷೆಗಳಲ್ಲಿ ಶೇ. 90ರ ಆಸುಪಾಸು ಜನ ಹೇಳಿದರು. ಇಷ್ಟು ಒಮ್ಮತ ಯಾವ ವಿಷಯದಲ್ಲೂ ಸಿಗುವುದಿಲ್ಲ. 2013ರ ಏಪ್ರಿಲ್ 17ರಂದು ಅಲ್ಲಿನ ಮೇಲ್ಮನೆ ಸೆನೆಟ್‌ನಲ್ಲಿ ತಪಾಸಣೆಯನ್ನು ಹಿಗ್ಗಿಸುವ ಪ್ರಸ್ತಾಪಕ್ಕೆ ಬಿದ್ದದ್ದು 54 ಮತ. ಬೇಕಿದ್ದದ್ದು 60. ಪ್ರಸ್ತಾಪ ಅಲ್ಲಿಗೇ ಮುಗಿಯಿತು. ಸತ್ತ ಮಕ್ಕಳ ಮನೆಯವರು ಅವತ್ತು ಗ್ಯಾಲರಿಯಲ್ಲೇ ಕೂತಿದ್ದರು, ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ದುಡ್ಡು ಕೊಟ್ಟು ಕೊಂಡುಕೊಂಡರು ಅಂತ ಸುಮ್ನೆ ಹೇಳಿಬಿಡುತ್ತಾರೆ. ದುಡ್ಡು ಇತ್ತು, ಆದರೆ ಬರೀ ದುಡ್ಡಲ್ಲ. ಎನ್‌ಆರ್‌ಎ ಅನ್ನುವ ಬಂದೂಕು ಪರ ಸಂಘ ಒಬ್ಬೊಬ್ಬ ಅಭ್ಯರ್ಥಿಗೂ ಎ ಇಂದ ಎಫ್ ತನಕ ಶ್ರೇಣಿ ಕೊಡುತ್ತದೆ. ಶ್ರೇಣಿ ಇಳಿದರೆ ಅದರ ಸದಸ್ಯರು ಫೋನ್ ಮಾಡುತ್ತಾರೆ, ಪತ್ರ ಬರೆಯುತ್ತಾರೆ, ಆ ಒಂದೇ ಕಾರಣಕ್ಕೆ ಮತ ಬದಲಿಸುತ್ತಾರೆ. ತಪಾಸಣೆ ಬೇಕು ಅಂದ ಹೆಚ್ಚಿನವರಿಗೆ ಅದು ಹತ್ತು ವಿಷಯಗಳಲ್ಲಿ ಒಂದು. ಕೆಲಸ, ತೆರಿಗೆ, ಆಸ್ಪತ್ರೆ ಖರ್ಚು ಎಲ್ಲ ನೋಡಿ ಮತ ಹಾಕುತ್ತಾರೆ. ಯಾರನ್ನು ಎದುರು ಹಾಕಿಕೊಂಡರೆ ಸೀಟಿಗೆ ಕುತ್ತು ಅಂತ ರಾಜಕಾರಣಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅಂಚೆಪೆಟ್ಟಿಗೆ:

ಒತ್ತಡ ಗುಂಪು ಅಂದ ಕೂಡಲೇ ಬಂದೂಕು, ತಂಬಾಕು, ದೊಡ್ಡ ಕಂಪನಿ ಅಂತಲೇ ಯಾಕೆ ಹೋಗಬೇಕು? ಕೂಲಿಯವರು ಕಟ್ಟಿದ್ದೂ ಒತ್ತಡ ಗುಂಪೇ ಅಲ್ವಾ?

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನೇ ನೋಡಿ. 1990ರಲ್ಲಿ ಹುಟ್ಟಿದ್ದು. 1994ರಿಂದ ಹಳ್ಳಿಗಳಲ್ಲಿ ಜನಸುನವಾಯಿ, ಅಂದರೆ ಜನರ ಮುಂದೆಯೇ ಬಹಿರಂಗ ವಿಚಾರಣೆ, ಶುರು ಮಾಡಿದರು. ಬರಗಾಲದ ಕಾಮಗಾರಿಗಳ ಮಸ್ಟರ್ ರೋಲ್ (ಕೂಲಿಯವರ ಹಾಜರಿ ಪಟ್ಟಿ), ಬಿಲ್ಲುಗಳನ್ನು ಹೇಗೋ ಸಂಪಾದಿಸಿ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಹೆಸರು ಓದಿದಾಗ ಆ ವ್ಯಕ್ತಿಯೇ ಎದ್ದು "ನಾನು ಆ ಕೆಲಸಕ್ಕೆ ಹೋಗೇ ಇಲ್ಲ" ಅನ್ನುತ್ತಿದ್ದ. ಕಾಗದದಲ್ಲಿ ಮುಗಿದಿದ್ದ ಕಟ್ಟಡ ಊರಲ್ಲಿ ಇರುತ್ತಿರಲಿಲ್ಲ. ಲೆಕ್ಕ ತೋರಿಸಿ ಅನ್ನುವುದು ಹೊಟ್ಟೆಪಾಡಿನ ಪ್ರಶ್ನೆ ಅಂತ ಅರ್ಥವಾಗಲು ಯಾರಿಗೂ ಭಾಷಣ ಬೇಕಾಗಲಿಲ್ಲ. 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತರು. ಅಷ್ಟಕ್ಕೇ ನಿಲ್ಲಲಿಲ್ಲ, ಈ ಚಳವಳಿಯವರು ವಕೀಲರು, ಪತ್ರಕರ್ತರ ಜೊತೆ ಕೂತು ಮಾಹಿತಿ ಹಕ್ಕಿನ ಕರಡು ಮಸೂದೆ ಬರೆಯುವುದರಲ್ಲೂ ಸೇರಿಕೊಂಡರು. 2000ದಲ್ಲಿ ರಾಜಸ್ಥಾನದ ಮಾಹಿತಿ ಹಕ್ಕು ಕಾಯ್ದೆ ಬಂತು. 2004ರಲ್ಲಿ ಕೇಂದ್ರದಲ್ಲಿ ಗೆದ್ದ ಮೈತ್ರಿಕೂಟ ತನ್ನ ಸಾಮಾನ್ಯ ಕನಿಷ್ಠ ಕಾರ್ಯಕ್ರಮದಲ್ಲಿ ಇದನ್ನು ಸೇರಿಸಿತು. 2005ರಲ್ಲಿ ಇಡೀ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ ಬಂತು. ಜನ, ಗುಂಪು, ಪಕ್ಷ ಮೂರೂ ಒಂದೇ ಕಡೆ ಎಳೆದಾಗ ಏನಾಗುತ್ತದೆ ನೋಡಿ. ಅದಕ್ಕೂ ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಕಡೇಬೆಂಚು:

ತುಂಬಾ ಥ್ಯಾಂಕ್ಸ್, ಇದು ನನಗೆ ಹೊಸದು. ಒಂದು ಅನುಮಾನ ಉಳಿಯಿತು. ನಮ್ಮಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇದೆಯಲ್ಲ, ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿದರೆ ಸದಸ್ಯತ್ವವೇ ಹೋಗಬಹುದು. ಹಾಗಿದ್ದಾಗ ನಮ್ಮ ಸಂಸದರಿಗೆ ಪತ್ರ ಬರೆದು ಏನು ಪ್ರಯೋಜನ?

ನೇರನುಡಿ:

ನಿಮ್ಮ ಅನುಮಾನ ಸರಿ. 1985ರಲ್ಲಿ ಆ ಕಾಯ್ದೆ ಬಂದ ಮೇಲೆ, ಬ್ರಿಟನ್ನಿನ ಆ 139 ಜನರ ಹಾಗೆ ತಿರುಗಿ ಬೀಳುವುದು ಇಲ್ಲಿ ಬಹಳ ಕಷ್ಟ. ಅದಕ್ಕೇ ಇಲ್ಲಿ ಒತ್ತಡ ಸದನದ ಮತದಾನಕ್ಕಿಂತ ಮೊದಲು ಬೀಳಬೇಕು, ಇಲ್ಲವೇ ಮಿತ್ರಪಕ್ಷಗಳ ಮೇಲೆ ಬೀಳಬೇಕು. 2020ರ ಸೆಪ್ಟೆಂಬರ್‌ನಲ್ಲಿ ಕೃಷಿ ಕಾಯ್ದೆಗಳು ಪಾಸಾದವು. ರೈತರಿಗೆ ಹೆದರಿ ಪಂಜಾಬಿನ ಅಕಾಲಿ ದಳ ಅದೇ ತಿಂಗಳು ಆಡಳಿತ ಮೈತ್ರಿ ಬಿಟ್ಟಿತು. ಆದರೂ ಕಾಯ್ದೆ ವಾಪಸ್ ಆಗಿದ್ದು, ದೆಹಲಿ ಗಡಿಯಲ್ಲಿ ರೈತರು ಒಂದು ವರ್ಷ ಕೂತ ಮೇಲೆ, 2021ರ ನವೆಂಬರ್‌ನಲ್ಲಿ. ಪಂಜಾಬ್, ಉತ್ತರ ಪ್ರದೇಶದ ಚುನಾವಣೆಗಳು ಹತ್ತಿರ ಬಂದಿದ್ದವು ಅನ್ನುವುದನ್ನೂ ಮರೆಯಬೇಡಿ. ಪಾಸಾದ ಕಾಯ್ದೆ ತೆಗೆಸುವುದಕ್ಕೆ ಅಷ್ಟು ಬೆಲೆ ತೆರಬೇಕು.

ಹಳೇಪತ್ರಿಕೆ:

ಹೌದು, ಕರಡಿನ ಹಂತವೇ ಮುಖ್ಯ. ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು ಅಂತ ಕೇಂದ್ರ ಸರ್ಕಾರದ್ದೇ ನೀತಿ 2014ರಿಂದ ಇದೆ. ಅದು ಕಾನೂನಲ್ಲ, ಆದ್ದರಿಂದ ಪಾಲಿಸದಿದ್ದರೂ ನಡೆಯುತ್ತದೆ, ನನಗೆ ಸಿಟ್ಟು ಬರುವುದು ಅಲ್ಲೇ. ಆದರೂ ಕರಡು ಹೊರಗೆ ಬಂದಾಗ "ವಿರೋಧಿಸುತ್ತೇವೆ" ಅಂತ ಒಂದೇ ಸಾಲು ಕಳಿಸಬೇಡಿ. ಯಾವ ಕಲಂ, ಅದರಿಂದ ಯಾರಿಗೆ ಏನು ತೊಂದರೆ, ಅದರ ಬದಲು ಯಾವ ವಾಕ್ಯ ಇರಬೇಕು, ಇಷ್ಟನ್ನು ಬರೆಯಿರಿ. ಸಂಘ ಇದ್ದರೆ ಸಂಘದ ಹೆಸರಲ್ಲಿ ಕಳಿಸಿ. ಒಂದು ಪ್ರತಿ ನಿಮ್ಮ ಸಂಸದರಿಗೆ, ಇನ್ನೊಂದು ವಿರೋಧ ಪಕ್ಷದವರಿಗೆ. ಮಸೂದೆ ಸಂಸತ್ತಿನ ಸ್ಥಾಯಿ ಸಮಿತಿಗೆ (ಮಸೂದೆಯನ್ನು ವಿವರವಾಗಿ ಪರಿಶೀಲಿಸುವ ಸಂಸದರ ಸಮಿತಿಗೆ) ಹೋದರೆ ಅಲ್ಲಿಗೂ ಕಳಿಸಿ, ಆ ಸಮಿತಿಗಳಿಗೆ ವಿಪ್ ಅನ್ವಯಿಸುವುದಿಲ್ಲ.