ಮಿಕ್ಕ ಅನ್ನ, ಗದ್ದೆಯ ನೀರು, ಭೂಮಿಯ ಬಿಸಿ

ಪ್ರಶ್ನೆ: ಸರ್, ನಾವು ದಾವಣಗೆರೆಯವರು, ಮನೆಯಲ್ಲಿ ಐದು ಜನ. ಊಟದಿಂದಲೂ ಭೂಮಿ ಬಿಸಿಯಾಗುತ್ತದೆ ಅಂತ ಮಗಳು ಶಾಲೆಯಲ್ಲಿ ಕೇಳಿಕೊಂಡು ಬಂದಿದ್ದಾಳೆ. ಹೊರದೇಶದ ಸೇಬು ತರಲೇಬೇಡ ಅಂತಾಳೆ. ನಾವು ಮೊದಲಿಂದಲೂ ಮಾಂಸ ತಿನ್ನುವವರಲ್ಲ. ನಿಜವಾಗಿ ವ್ಯತ್ಯಾಸ ಆಗುವುದು ಯಾವುದರಿಂದ?

ಉತ್ತರ (ಕೃಷಿ ವಿಜ್ಞಾನಿ): ಸೇಬಿನ ವಿಷಯ ಮೊದಲು ಮುಗಿಸೋಣ ಮೇಡಂ. ಹಡಗಿನಲ್ಲಿ ಬಂದ ಹಣ್ಣಿಗೆ ಸಾಗಾಟದ ಹೊರೆ ಅಷ್ಟೇನಿಲ್ಲ, ವಿಮಾನದಲ್ಲಿ ಬಂದದ್ದಕ್ಕೆ ಮಾತ್ರ ಬಹಳ ಜಾಸ್ತಿ. ನಾನು ಕೇಳುವುದು ಬೇರೆ. ರಾತ್ರಿ ನಿಮ್ಮ ಮನೆಯಲ್ಲಿ ಎಷ್ಟು ಅನ್ನ ಮಿಗುತ್ತದೆ?

ಭತ್ತದ ಗದ್ದೆಯಲ್ಲಿ ನೀರು ನಿಂತರೆ ಮಣ್ಣಿಗೆ ಗಾಳಿ ಸಿಗುವುದಿಲ್ಲ, ಗಾಳಿ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಮೀಥೇನ್ ಮಾಡುತ್ತವೆ. 100 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಮಾಡುವ ಅನಿಲ. ಆಮೇಲೆ ಮಿಕ್ಕ ಅನ್ನ ಕಸದ ಗಾಡಿ ಹತ್ತಿ ಕಸದ ಗುಡ್ಡದ ಅಡಿ ಸೇರಿದರೆ ಅಲ್ಲೂ ಗಾಳಿ ಇಲ್ಲ, ಅಲ್ಲೂ ಮೀಥೇನ್. ಒಂದೇ ಅನ್ನ, ಎರಡು ಸಲ, ಅದೂ ಯಾರ ಹೊಟ್ಟೆಗೂ ಹೋಗದೆ. ನನಗೆ ತುಂಬಾ ಸಂಕಟ ಆಗುವುದು ಇಲ್ಲೇ.

ಅದಕ್ಕೇ ಅಕ್ಕಿ ಅಳೆದು ಹಾಕಿ. ಮಿಕ್ಕಿದ್ದನ್ನು ರಾತ್ರಿಯೇ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಿ. ಸಿಪ್ಪೆ, ಹಳಸಿದ್ದು ಒಣ ಎಲೆ ಜೊತೆ ಗೊಬ್ಬರಕ್ಕೆ ಹೋಗಲಿ, ವಾರಕ್ಕೊಮ್ಮೆ ಕೆದಕಿ ಗಾಳಿ ಆಡಿಸಿ. ವಾರದಲ್ಲಿ ಮೂರು ರಾತ್ರಿ ಜೋಳದ ರೊಟ್ಟಿಯೋ ಮುದ್ದೆಯೋ ಆದರೆ ಇನ್ನೂ ಒಳ್ಳೆಯದು, ರಾಗಿ ಜೋಳಕ್ಕೆ ಹೊಲದಲ್ಲಿ ನೀರು ನಿಲ್ಲಿಸುವುದಿಲ್ಲ ಅಲ್ವಾ. ಕಾಳು ನೆನೆಸಿ ಕುಕ್ಕರ್‌ನಲ್ಲಿಡಿ, ಗ್ಯಾಸ್ ಉಳಿಯುತ್ತದೆ. 14.2 ಕೆಜಿ ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ.

ಪ್ರಶ್ನೆ: ಹಾಗಾದರೆ ಹಾಲು, ತುಪ್ಪ?

ಉತ್ತರ: ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೆಲುಕು ಹಾಕುವ ಹಸು, ಎಮ್ಮೆ, ಕುರಿ ಎಲ್ಲದರ ಹೊಟ್ಟೆಯಲ್ಲೂ ಮೀಥೇನ್ ಆಗುತ್ತದೆ. ಮಾಂಸ ತಿನ್ನುವ ಮನೆಗಳಲ್ಲಿ ಕುರಿಗಿಂತ ಕೋಳಿ, ಮೊಟ್ಟೆಯ ಹೊರೆ ಕಡಿಮೆ ಅನ್ನುವುದು ಇದಕ್ಕೇ. ಆದರೆ ಮಕ್ಕಳ ಹಾಲು ಸುಮ್ನೆ ನಿಲ್ಲಿಸಬೇಡಿ. ಒಡೆದು ಚೆಲ್ಲುವಷ್ಟು ತರಬೇಡಿ, ಅಷ್ಟೇ.

ಇನ್ನೊಬ್ಬರು: ಸರ್, ನಾನು ಭದ್ರಾ ಅಚ್ಚುಕಟ್ಟಿನ ರೈತ. ಭತ್ತವೇ ನಮ್ಮ ಬದುಕು. ತಪ್ಪು ನಮ್ಮದಾ?

ಉತ್ತರ: ಖಂಡಿತ ಅಲ್ಲ ಅಣ್ಣಾ. ನೀವು ಬೆಳೆದದ್ದನ್ನು ಚೆಲ್ಲುವವರಿಗೆ ನಾನು ಹೇಳಿದ್ದು. ಗದ್ದೆಯಲ್ಲೂ ಒಂದು ದಾರಿ ಇದೆ. ಸದಾ ನೀರು ನಿಲ್ಲಿಸದೆ ಆಗಾಗ ಆರಲು ಬಿಡುವುದು. ತೂತು ಮಾಡಿದ ಪೈಪ್ ಒಂದನ್ನು ಮಣ್ಣಿಗೆ ಇಳಿಸಿ, ಅದರೊಳಗಿನ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ನೀರು ಕೊಡಿ. ಹೂ ಬಿಡುವ ಹೊತ್ತಿಗೆ ಮಾತ್ರ ಒಣಗಿಸಬೇಡಿ. ನೀರೂ ಉಳಿಯುತ್ತದೆ, ಮೀಥೇನ್ ಕೂಡ ಚೆನ್ನಾಗಿ ತಗ್ಗುತ್ತದೆ. ನಾಲೆ ನೀರು ಸರದಿಯ ಮೇಲೆ ಬರುವುದರಿಂದ ಎಲ್ಲರಿಗೂ ಇದು ಸುಲಭ ಅಲ್ಲ, ಗೊತ್ತು. ಬೋರ್‌ವೆಲ್ ಇದ್ದರೆ ಮೊದಲು ಒಂದು ಮಡಿಯಲ್ಲಿ ಮಾಡಿ ನೋಡಿ, ಕಳೆ ಹೇಗೆ ಬರುತ್ತದೆ ಅಂತ ಇಲ್ಲೇ ಬರೆಯಿರಿ.